ನೆಲದ ಮೇಲೊಂದು ಸೂರ್ಯ, ಕೇರಿಗೊಂದು ಬಲ್ಬು

ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿ ಶಾಲೆಯ ಮೇಷ್ಟ್ರೊಬ್ಬರು ನಮ್ಮ ಅಧ್ಯಯನ ಕೂಟಕ್ಕೆ ಪತ್ರಿಕೆಯ ಒಂದು ತುಣುಕು ಹಿಡಿದುಕೊಂಡು ಬಂದಿದ್ದರು. ಫ್ರಾನ್ಸ್ ದೇಶದ ಕಾಡರಾಶ್ ಎಂಬಲ್ಲಿ 'ಐಟರ್' ಅನ್ನುವ ಭಾರೀ ಯಂತ್ರ ಕಟ್ಟುತ್ತಿದ್ದಾರೆ, ಸೂರ್ಯನ ಒಡಲಲ್ಲಿ ನಡೆಯುವುದನ್ನು ನೆಲದ ಮೇಲೆ ನಡೆಸಿ ತೋರಿಸುವ ಯಂತ್ರ ಅದು, ಇಂಡಿಯಾವೂ ಅದರ ಪಾಲುದಾರ ಅಂತ ಬರೆದಿತ್ತು. ಮೇಷ್ಟ್ರು ಓದಿ ಮುಗಿಸಿದರು. ಹಿಂದೊಮ್ಮೆ ಜೀತಕ್ಕಿದ್ದು ಬಿಡಿಸಿಕೊಂಡು ಬಂದ ಹಿರಿಯರೊಬ್ಬರು ಗೋಡೆಗೆ ಒರಗಿ ಕೂತಿದ್ದವರು ಕೇಳಿದರು: "ಅಲ್ಲ ಕನಪ್ಪ, ಮ್ಯಾಲಿರ ಸೂರ್ಯ ಏನ್ ಕಮ್ಮಿ ಮಾಡಿದ್ದನು ಅಂತ ಇನ್ನೊಬ್ಬನ್ನ ಮಾಡಾಕ್ ಹೊಂಟರು? ಅದ್ಕ ನಮ್ ಕಾಸೂ ಸೇರ್ಕಂಡದಾ?"

"ಸೇರ್ಕಂಡದ ದೊಡ್ಡಪ್ಪ" ಅಂದರು ಮೇಷ್ಟ್ರು.

ಸೇರಿಕೊಂಡಿದೆ. ತೆರಿಗೆ ಕಟ್ಟುವವರು ಬೆಂಗಳೂರಿನ ಆಫೀಸರುಗಳು ಮಾತ್ರ, ನಾವು ಸರ್ಕಾರದ ಕೈ ನೋಡುವವರು ಅಂತ ಒಂದು ಸುಳ್ಳನ್ನು ಉಳ್ಳವರು ಹಬ್ಬಿಸಿದ್ದಾರೆ. ಸೋಪು, ಬೀಡಿ, ಬೆಂಕಿಪೊಟ್ಟಣ, ಚಪ್ಪಲಿ ಕೊಂಡವನೆಲ್ಲ ತೆರಿಗೆ ಕಟ್ಟುವವನೇ. ಕೂಲಿಗೆ ಕೊಡಗಿಗೋ ವಯನಾಡಿಗೋ ಹೋಗಿ ಬರುವ ನಮ್ಮ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಕೊಳ್ಳುವ ಬಿಸ್ಕತ್ತಿನ ಪೊಟ್ಟಣದಲ್ಲೂ ಸರ್ಕಾರದ ಪಾಲು ಇದೆ. ಹೀಗಿರುವಾಗ ಆ ಹಿರಿಯರ ಪ್ರಶ್ನೆಯನ್ನು ನಗಾಡಿ ತಳ್ಳುವಂತಿಲ್ಲ. ಅದು ಪಾಲುದಾರನೊಬ್ಬ ಕೇಳಿದ ಲೆಕ್ಕ. ಆ ಲೆಕ್ಕವನ್ನು ಹುಡುಕುತ್ತ ಹೋದಾಗ ನಮಗೆ ಸಿಕ್ಕ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ವಿಷಯ ಏನೆಂದು ತಿಳಿಯಬೇಕು. ಕೈಗಾದಂಥ ಅಣುಸ್ಥಾವರಗಳಲ್ಲಿ ಯುರೇನಿಯಂನಂಥ ಭಾರದ ಪರಮಾಣುವಿನ ಬೀಜವನ್ನು ಒಡೆಯುತ್ತಾರೆ. ಸೂರ್ಯನಲ್ಲಿ ನಡೆಯುವುದು ಇದರ ತಿರುವುಮುರುವು. ಹಗುರ ಹೈಡ್ರೋಜನ್ ಬೀಜಗಳು ಒಂದಕ್ಕೊಂದು ಕೂಡಿ ಹೀಲಿಯಂ ಆಗುತ್ತವೆ. ಕೂಡುವಾಗ ಶಕ್ತಿ ಹೊರಬೀಳುತ್ತದೆ. ಇದೇ ಸಮ್ಮಿಲನ, ಇಂಗ್ಲಿಷಿನವರ ಫ್ಯೂಷನ್. ಸೂರ್ಯನ ಗರ್ಭದಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಶಾಖವಿದೆ, ಜೊತೆಗೆ ಸೂರ್ಯನ ಭಾರವೇ ಒತ್ತುತ್ತದೆ. ನೆಲದ ಮೇಲೆ ಆ ಭಾರ ಇಲ್ಲ. ಅದಕ್ಕೆ ಶಾಖವನ್ನೇ ಹದಿನೈದು ಕೋಟಿ ಡಿಗ್ರಿಗೆ ಏರಿಸಬೇಕು. ಅಷ್ಟು ಬಿಸಿಯನ್ನು ತಡೆಯುವ ಮಡಕೆ ಯಾವ ಕುಂಬಾರನ ಹತ್ತಿರವೂ ಇಲ್ಲವಾದ್ದರಿಂದ ಕಾಂತದ ಶಕ್ತಿಯಿಂದ ಆ ಬೆಂಕಿಯನ್ನು ಗೋಡೆಗೆ ತಾಗದಂತೆ ಗಾಳಿಯಲ್ಲಿ ಹಿಡಿದಿಡಬೇಕು. ಅಂಥ ಯಂತ್ರಕ್ಕೆ ಟೋಕಮಾಕ್ ಅಂತ ಹೆಸರು. 1950ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಉರುವಲು ಎರಡು: ಸಮುದ್ರದ ನೀರಿನಲ್ಲಿ ಸಿಗುವ ಡ್ಯುಟೀರಿಯಂ, ಮತ್ತು ಟ್ರಿಟಿಯಂ.

ಸಮುದ್ರದ ನೀರು ಮುಗಿಯುವುದಿಲ್ಲ, ಆದ್ದರಿಂದ ಈ ಶಕ್ತಿಯೂ ಮುಗಿಯುವುದಿಲ್ಲ, ಎಲ್ಲರಿಗೂ ಸಿಗುತ್ತದೆ ಅಂತ ಹೇಳುತ್ತಾರೆ. ಮುಗಿಯುವುದಿಲ್ಲ ಅನ್ನುವುದು ಸರಿ ಇರಬಹುದು. ಎಲ್ಲರಿಗೂ ಸಿಗುತ್ತದೆ ಅನ್ನುವ ಕಡೆ ನಾವು ಸ್ವಲ್ಪ ನಿಲ್ಲುತ್ತೇವೆ. 1927ರಲ್ಲಿ ಮಹಾಡಿನ ಚವದಾರ ಕೆರೆಯಲ್ಲೂ ನೀರು ಮುಗಿದಿರಲಿಲ್ಲ.

ಈ ಸಮ್ಮಿಲನ ಮೊದಲು ಮನುಷ್ಯನ ಕೈಗೆ ಬಂದದ್ದು ಒಲೆಯಾಗಿ ಅಲ್ಲ, ಬಾಂಬಾಗಿ. 1952ರ ನವೆಂಬರಿನಲ್ಲಿ ಅಮೆರಿಕದವರು ಪೆಸಿಫಿಕ್ ಸಾಗರದ ಎನೆವೆಟಾಕ್ ದ್ವೀಪಸಾಲಿನಲ್ಲಿ ಅದನ್ನು ಸಿಡಿಸಿದರು. ಒಂದು ದ್ವೀಪವೇ ಭೂಪಟದಿಂದ ಅಳಿಸಿಹೋಯಿತು. ಅಲ್ಲಿನ ಮೂಲ ಜನರನ್ನು ಮೊದಲೇ ಒಕ್ಕಲೆಬ್ಬಿಸಿದ್ದರು. ಕೊಲ್ಲುವ ಕೆಲಸಕ್ಕೆ ದುಡ್ಡು ಯಾವತ್ತೂ ಬೇಗ ಸಿಗುತ್ತದೆ, ಕೆಲಸವೂ ಬೇಗ ಆಗುತ್ತದೆ.

ಒಲೆಯ ಮಾತು ಬಂದದ್ದು ಆಮೇಲೆ. 1955ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತು ವಿಶ್ವಸಂಸ್ಥೆಯ ಸಮ್ಮೇಳನ ಸೇರಿತು. ಅದರ ಅಧ್ಯಕ್ಷ ನಮ್ಮ ಹೋಮಿ ಭಾಭಾ. ಇನ್ನು ಎರಡು ದಶಕಗಳೊಳಗೆ ಸಮ್ಮಿಲನ ಶಕ್ತಿಯನ್ನು ಹತೋಟಿಯಲ್ಲಿ ಬಿಡುಗಡೆ ಮಾಡುವ ದಾರಿ ಸಿಗುತ್ತದೆ ಅಂತ ಅವರು ಭವಿಷ್ಯ ನುಡಿದರು. ಅಲ್ಲಿಯವರೆಗೆ ದೊಡ್ಡ ದೇಶಗಳು ಗುಟ್ಟಾಗಿ ಮಾಡುತ್ತಿದ್ದ ಕೆಲಸವನ್ನು ಬಡದೇಶದವನೊಬ್ಬ ಬಹಿರಂಗವಾಗಿ ಎತ್ತಿ ಹೇಳಿದ್ದು ದೊಡ್ಡ ಸಂಗತಿಯೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. 1966ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡರು. ಅವರು ಕೊಟ್ಟ ಗಡುವು 1975ಕ್ಕೆ ಮುಗಿಯಿತು. ಆ ವರ್ಷ ನಮ್ಮ ಕಡೆ ಏನು ನಡೆದಿತ್ತು? ದೇವರಾಜ ಅರಸರ ಭೂಸುಧಾರಣೆ ಕಾನೂನು ಬಂದು ಒಂದು ವರ್ಷವಾಗಿತ್ತು. ಜೀತಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಅದೇ 1975ರ ಅಕ್ಟೋಬರಿನಲ್ಲಿ ಹೊರಟಿತು. ನೆಲದ ಮೇಲೆ ಸೂರ್ಯ ಹುಟ್ಟಬೇಕಾಗಿದ್ದ ವರ್ಷದಲ್ಲಿ ಮನುಷ್ಯನನ್ನು ಮನುಷ್ಯ ಅಡವಿಟ್ಟುಕೊಳ್ಳಬಾರದು ಅಂತ ಸರ್ಕಾರ ಕಾಗದದ ಮೇಲೆ ಬರೆಯುತ್ತಿತ್ತು.

ಸರ್ಕಾರದ ದುಡ್ಡು, ಹೊಸ ವಿಜ್ಞಾನ, ಶಕ್ತಿ, ಈ ಮೂರೂ ಕೂಡಿದ್ದು ನಮ್ಮ ಸೀಮೆಗೆ ಹೊಸದಲ್ಲ. ಚಾಮರಾಜನಗರದಿಂದ ಕೊಳ್ಳೇಗಾಲದ ಮೇಲೆ ಹೋದರೆ ಶಿವನಸಮುದ್ರ ಸಿಗುತ್ತದೆ. ಕಾವೇರಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಬೀಳುವ ಜಾಗ. ಅಲ್ಲಿ 1902ರಲ್ಲಿ ಮೈಸೂರು ಸಂಸ್ಥಾನ ತನ್ನ ಬೊಕ್ಕಸದ ಹಣದಿಂದ ಜಲವಿದ್ಯುತ್ ಕೇಂದ್ರ ಕಟ್ಟಿಸಿತು. ಯೋಜನೆಗೆ ಒಪ್ಪಿಗೆ ಕೊಟ್ಟ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಕೆಲಸದ ಹೊಣೆ ಹೊತ್ತವನು ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಮಿಲಿಟರಿ ಇಂಜಿನಿಯರು. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಆ ಕಾಲಕ್ಕೆ ಇದು ಪ್ರಯೋಗವೇ. ಅಷ್ಟು ದೂರಕ್ಕೆ ಕರೆಂಟು ಕಳಿಸಿದವರು ಜಗತ್ತಿನಲ್ಲೇ ಅಪರೂಪ. ಸೋತಿದ್ದರೆ ರೈತ ಕಟ್ಟಿದ ಕಂದಾಯ ಹೊಳೆ ಪಾಲಾಗುತ್ತಿತ್ತು. ಸೋಲಲಿಲ್ಲ, ಗೆದ್ದಿತು. ಅಂದಮೇಲೆ ಸರ್ಕಾರದ ದುಡ್ಡನ್ನು ಗೊತ್ತಿಲ್ಲದ ವಿಜ್ಞಾನಕ್ಕೆ ಹಾಕಲೇಬಾರದು ಅಂತ ವಾದಿಸುವವರಿಗೆ ನಮ್ಮ ಜಿಲ್ಲೆಯ ಅಂಚಿನಲ್ಲೇ ಉತ್ತರವಿದೆ.

ಆದರೆ ಆ ಕರೆಂಟು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ತಂತಿ ಎಳೆದು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು, ಅದಾದ ಮೂರು ವರ್ಷಕ್ಕೆ ಮೈಸೂರಿನಲ್ಲಿ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗಲೂ ಗಣಿಗೆ ಕರೆಂಟು ತಪ್ಪಬಾರದು ಅನ್ನುವುದು 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಲು ಇದ್ದ ಕಾರಣಗಳಲ್ಲೊಂದು. ಭರಚುಕ್ಕಿ ಬೀಳುವ ಕೊಳ್ಳೇಗಾಲ ತಾಲ್ಲೂಕು ಆಗ ಮೈಸೂರಿಗೇ ಸೇರಿರಲಿಲ್ಲ. ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರಲ್ಲಿ ಈ ಕಡೆ ಬಂತು. ಹೊಳೆಯ ಸದ್ದು ರಾತ್ರಿ ಕಿವಿಗೆ ಬೀಳುವ ಊರುಗಳಲ್ಲಿ ಹರಳೆಣ್ಣೆ ದೀಪ, ನೂರು ಮೈಲಿ ಆಚೆ ಕಂಪನಿಯ ಯಂತ್ರಕ್ಕೆ ಹೊಳೆಯ ಬಲ.

ಈ ಗಣಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸೂರ್ಯನ ಕಥೆ ಇದರೊಳಗೂ ಬರುತ್ತದೆ. ಕೆ.ಜಿ.ಎಫ್. ಗಣಿಯ ಆಳಕ್ಕೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಕಡೆಯ ಆದಿದ್ರಾವಿಡ ದಲಿತರು. ಊರಿನ ಜಾತಿಯ ಕಾಟ ತಪ್ಪಿಸಿಕೊಂಡು ಬಂದವರು ಗಣಿಯ ಕೂಲಿ ಲೈನುಗಳ ತಟ್ಟಿ ಗುಡಿಸಲಿಗೆ ಬಿದ್ದರು. 1930ರಲ್ಲಿ ಕಂಪನಿ ಇವರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿ ಕೂತರು. ಇವರು ತೋಡಿದ ಬಿಲಗಳು ಮೂರು ಕಿಲೋಮೀಟರಿಗೂ ಮೀರಿ ಕೆಳಗೆ ಹೋದವು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಇದೂ ಒಂದಾಯಿತು.

ಅಷ್ಟು ಆಳ ಇನ್ನೊಬ್ಬರಿಗೂ ಬೇಕಾಯಿತು. ನೆಲದ ಮೇಲೆ ಆಕಾಶದಿಂದ ಸದಾ ಬೀಳುವ ಕಿರಣಗಳ ಗದ್ದಲ. ನ್ಯೂಟ್ರಿನೋ ಎಂಬ, ಯಾವುದಕ್ಕೂ ಅಂಟದೆ ಬಂಡೆಯನ್ನೂ ಹಾದುಹೋಗುವ ಕಣವನ್ನು ಹಿಡಿಯಬೇಕಾದರೆ ಆ ಗದ್ದಲ ತಲುಪದ ಆಳ ಬೇಕು. ಸೂರ್ಯನಲ್ಲಿ ಸಮ್ಮಿಲನ ನಡೆದಾಗಲೂ ಇದೇ ಜಾತಿಯ ಕಣಗಳು ಹೊರಡುತ್ತವೆ. (ಜಾತಿ ಅನ್ನುವ ಪದ ಇಲ್ಲಿ ನಿರಪಾಯ.) ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಮೊದಲಲ್ಲೇ ಗಣಿಗಿಳಿದು ಕಿರಣಗಳನ್ನು ಅಳೆಯಲು ಶುರು ಮಾಡಿದರು. 1965ರಲ್ಲಿ ಸುಮಾರು 2300 ಮೀಟರ್ ಆಳದಲ್ಲಿ ಜಪಾನ್, ಇಂಗ್ಲೆಂಡ್ ವಿಜ್ಞಾನಿಗಳ ಜೊತೆಗೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋವನ್ನು ಗುರುತಿಸಿದರು. ಜಗತ್ತಿನಲ್ಲಿ ಇದನ್ನು ಮೊದಲು ಕಂಡವು ಎರಡೇ ಕಡೆ, ಎರಡೂ ಅದೇ ವರ್ಷ. ಇನ್ನೊಂದು ದಕ್ಷಿಣ ಆಫ್ರಿಕಾದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿ. ಅಲ್ಲಿ ವರ್ಣಭೇದದ ಆಳ್ವಿಕೆಯಲ್ಲಿ ಕರಿಯರು ತೋಡಿದ ಬಿಲ, ಇಲ್ಲಿ ದಲಿತರು ತೋಡಿದ ಬಿಲ. ವಿಜ್ಞಾನದ ಪುಸ್ತಕಗಳಲ್ಲಿ ಎರಡು ಗಣಿಗಳ ಹೆಸರಿದೆ. ತೋಡಿದವರ ಮಾತು ಒಂದು ಸಾಲೂ ಇಲ್ಲ.

ಆ ಪ್ರಯೋಗದ ಮುಂದಾಳುಗಳಲ್ಲೊಬ್ಬರು ಬಿ. ವಿ. ಶ್ರೀಕಂಠನ್. ನಮ್ಮ ನೆರೆಯ ನಂಜನಗೂಡಿನಲ್ಲಿ ಹುಟ್ಟಿದವರು, ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದವರು. ಅವರ ಹೆಸರಿನ ಮೊದಲಕ್ಷರ ಬದನವಾಳು ಎಂಬ ಊರಿನದು. ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲಿನಲ್ಲಿ ಬರುವವರು ಆ ನಿಲ್ದಾಣ ನೋಡಿರುತ್ತಾರೆ. 1993ರಲ್ಲಿ ಅದೇ ಬದನವಾಳಿನ ದಲಿತರು ಸಿದ್ದೇಶ್ವರ ದೇವಸ್ಥಾನದೊಳಗೆ ಹೋದ ಜಗಳ ಬೆಳೆದು ಮೂವರು ದಲಿತರನ್ನು ಕೊಂದರು. ಇದರಲ್ಲಿ ವಿಜ್ಞಾನಿಯ ತಪ್ಪು ಏನೇನೂ ಇಲ್ಲ. ಆದರೂ ಒಂದೇ ಊರಿನ ಹೆಸರು ಎರಡು ಚರಿತ್ರೆಯಲ್ಲಿ ಬರುವಾಗ ಕಣ್ಣು ಮುಚ್ಚಿ ಓದಲು ನಮಗೆ ಆಗುವುದಿಲ್ಲ. ಆ ಊರಿನ ಒಂದು ಬೀದಿಯಿಂದ ವಿಶ್ವದ ಗುಟ್ಟು ಹುಡುಕಲು ದಾರಿ ಇತ್ತು. ಇನ್ನೊಂದು ಬೀದಿಯಿಂದ ಗುಡಿಯ ಬಾಗಿಲಿಗೂ ದಾರಿ ಇರಲಿಲ್ಲ.

ಇನ್ನು ಸರ್ಕಾರದ ದುಡ್ಡಿನಿಂದ ಶಕ್ತಿ ಅನ್ನುವುದನ್ನು ಈ ದೇಶದಲ್ಲಿ ಗಟ್ಟಿಯಾಗಿ ಹೇಳಿದವರು ಯಾರು? ಪಠ್ಯಪುಸ್ತಕ ಓದಿದವರು ನೆಹರೂ ಅನ್ನುತ್ತಾರೆ. ಬಾಬಾಸಾಹೇಬ್ ಅಂಬೇಡ್ಕರ್ ಅಂದರೆ ಸಂವಿಧಾನ ಹಿಡಿದ ಪ್ರತಿಮೆ ಅಷ್ಟೇ ಕಣ್ಣಿಗೆ ಬರುವ ಹಾಗೆ ಮಾಡಿಟ್ಟಿದ್ದಾರೆ. 1942ರಿಂದ 1946ರವರೆಗೆ ಅವರು ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ನೀರಾವರಿ ಮತ್ತು ವಿದ್ಯುತ್ತು ಕೂಡ ಅದೇ ಖಾತೆಯಲ್ಲಿತ್ತು. 1943ರ ಅಕ್ಟೋಬರ್ 25ರಂದು ಯುದ್ಧಾನಂತರದ ವಿದ್ಯುತ್ ನೀತಿಯ ಸಮಿತಿಯನ್ನು ಅಧ್ಯಕ್ಷರಾಗಿ ಉದ್ದೇಶಿಸಿ ಅವರು ಮಾತನಾಡಿದರು. ವಿದ್ಯುತ್ತು ಸರ್ಕಾರದ್ದಾಗಬೇಕೋ ಖಾಸಗಿಯದ್ದಾಗಬೇಕೋ, ಕೇಂದ್ರದ ಕೈಯಲ್ಲಿರಬೇಕೋ ಪ್ರಾಂತ್ಯದ ಕೈಯಲ್ಲೋ, ಜನರಿಗೆ ಅಗ್ಗವಾಗಿ ಹೇರಳವಾಗಿ ಸಿಗುವ ದಾರಿ ಯಾವುದು ಅಂತ ಒಂದೊಂದಾಗಿ ಪ್ರಶ್ನೆ ಹಾಕಿದರು. ಇದೆಲ್ಲ ಯಾತಕ್ಕೆ ಅನ್ನುವುದನ್ನು ಮಾತ್ರ ಸಮಿತಿಯವರು ಮರೆಯಬಾರದು ಅಂದರು. ಕೈಗಾರಿಕೆ ಬರದೆ ಈ ಜನ ಬಡತನದ ಸುಳಿಯಿಂದ ಆಚೆ ಬರಲಾರರು, ಅಗ್ಗದ ವಿದ್ಯುತ್ತಿಲ್ಲದೆ ಕೈಗಾರಿಕೆ ಬರಲಾರದು ಅನ್ನುವುದು ಅವರ ವಾದದ ತಿರುಳು. ಗಮನಿಸಿ, ಹಳ್ಳಿಯ ಹೊಲದಿಂದ, ಊರಗೌಡನ ಜಗಲಿಯಿಂದ ದಲಿತನನ್ನು ಬಿಡಿಸಲು ಯಂತ್ರ ಬೇಕು ಅಂತ ನಂಬಿದ್ದ ಮನುಷ್ಯ ಅವರು. ಚರಕಕ್ಕೆ ಮರಳುವ ಮಾತು ಅವರಿಗೆ ಹಿಡಿಸಲಿಲ್ಲ. ಆದ್ದರಿಂದ ಅವರ ಮಕ್ಕಳಾದ ನಾವು ವಿಜ್ಞಾನಕ್ಕೆ ದುಡ್ಡು ಬೇಡ ಅಂದರೆ ಅದು ಅವರಿಗೇ ತಿರುಗಿ ಮಾತಾಡಿದ ಹಾಗೆ. ಬೇಕು. ಆದರೆ ಯಾತಕ್ಕೆ, ಯಾರಿಗೆ ಅಂತ ಕೇಳಿದ ಅವರ ಪ್ರಶ್ನೆಯನ್ನು ಕೂಡ ಜೊತೆಗೇ ಇಟ್ಟುಕೊಳ್ಳಬೇಕು.

ಆ ಪ್ರಶ್ನೆಗೆ ಬಾಗಿಲು ಹಾಕಿದ್ದು 1948ರಲ್ಲಿ. ಏಪ್ರಿಲ್ 6ರಂದು ಸಂವಿಧಾನ ಸಭೆಯಲ್ಲಿ ನೆಹರೂ ಅಣುಶಕ್ತಿ ಮಸೂದೆ ತಂದರು. ಅಣು ಸಂಶೋಧನೆ ಗುಟ್ಟಾಗಿ ನಡೆಯಬೇಕು ಅಂತ ಅದರಲ್ಲಿತ್ತು. ಮೈಸೂರಿನ ಪ್ರತಿನಿಧಿ ಎಸ್. ವಿ. ಕೃಷ್ಣಮೂರ್ತಿರಾವ್ ಎದ್ದು, ಇಂಗ್ಲೆಂಡಿನ ಕಾನೂನಿನಲ್ಲಿ ಗುಟ್ಟು ಇರುವುದು ರಕ್ಷಣೆಯ ಸಂಶೋಧನೆಗೆ ಮಾತ್ರ, ಇಲ್ಲಿ ಶಾಂತಿಯ ಕೆಲಸಕ್ಕೂ ಯಾಕೆ ಅಂತ ಕೇಳಿದರು. ಎರಡನ್ನೂ ಬೇರೆ ಬೇರೆ ಮಾಡುವುದು ಹೇಗೆಂದು ತಮಗೆ ತಿಳಿಯದು ಅಂತ ನೆಹರೂ ಒಪ್ಪಿಕೊಂಡರು. ಮಸೂದೆ ಪಾಸಾಯಿತು. ಅಂದಿನಿಂದ ಶಾಲೆಯ ಬಿಸಿಯೂಟದ ಅಕ್ಕಿ ಲೆಕ್ಕ ಕೇಳುವಷ್ಟು ಸುಲಭವಾಗಿ ಅಣು ಇಲಾಖೆಯ ಲೆಕ್ಕ ಕೇಳಲು ಆಗುವುದಿಲ್ಲ. ಭೌತಶಾಸ್ತ್ರ ಓದಿದ ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಬಾಬಾಗಳು ಕೈಯಾಡಿಸಿ ತೆಗೆಯುವ ಉಂಗುರಕ್ಕೆ ಒಂದು ಸಮಿತಿ ಆದರೆ, ಬಜೆಟ್ಟಿನಲ್ಲಿ ಕೈಯಾಡಿಸಿ ತೆಗೆಯುವ ಕೋಟಿಗಳಿಗೆ ಯಾವ ಸಮಿತಿ?

ಇಂಡಿಯಾದ ಸಮ್ಮಿಲನ ಸಂಶೋಧನೆ ಸಂಸ್ಥೆಯಾಗಿ ಗಟ್ಟಿಯಾದದ್ದು ತಡವಾಗಿ. 1982ರಲ್ಲಿ ಅಹಮದಾಬಾದಿನಲ್ಲಿ ಪ್ಲಾಸ್ಮಾ ಭೌತಶಾಸ್ತ್ರದ ಕಾರ್ಯಕ್ರಮ ಶುರುವಾಯಿತು, 1986ರಲ್ಲಿ ಗಾಂಧಿನಗರದ ಹತ್ತಿರದ ಭಾಟ್ ಎಂಬ ಊರಿನಲ್ಲಿ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಾಯಿತು. ಮೊದಲ ನಿರ್ದೇಶಕರು ಪಿ. ಕೆ. ಕಾವ್. 1989ರಲ್ಲಿ 'ಆದಿತ್ಯ' ಎಂಬ ಟೋಕಮಾಕ್ ಕೆಲಸ ಶುರು ಮಾಡಿತು. 1995ರಲ್ಲಿ ಸಂಸ್ಥೆ ಅಣುಶಕ್ತಿ ಇಲಾಖೆಯ ಕೆಳಗೆ ಹೋಯಿತು. ಎರಡನೆಯ ದೊಡ್ಡ ಯಂತ್ರದಲ್ಲಿ ಮೊದಲ ಪ್ಲಾಸ್ಮಾ ಕಂಡದ್ದು 2013ರಲ್ಲಿ. ಈ ನಡುವೆ 2005ರ ಕೊನೆಗೆ ಇಂಡಿಯಾವನ್ನು ಐಟರ್‌ಗೆ ಸೇರಿಸಿಕೊಂಡರು, 2006ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಕಟ್ಟುವ ಖರ್ಚಿನಲ್ಲಿ ಯೂರೋಪಿನದು ಅರ್ಧಕ್ಕೆ ಸ್ವಲ್ಪ ಕಡಿಮೆ. ಇಂಡಿಯಾ ಸೇರಿ ಉಳಿದ ಆರು ಪಾಲುದಾರರದು ತಲಾ ಸುಮಾರು ಶೇಕಡಾ 9ರಷ್ಟು. ಹೆಚ್ಚಿನ ಪಾಲನ್ನು ನಗದಾಗಿ ಅಲ್ಲ, ಸಾಮಾನು ಮಾಡಿಕೊಟ್ಟು ತೀರಿಸಬೇಕು. ಬದಲಿಗೆ ಅಲ್ಲಿ ಹುಟ್ಟುವ ಜ್ಞಾನ ಪೂರ್ತಿ ನಮಗೂ ಸಿಗುತ್ತದೆ. ಇದು ಕೆಟ್ಟ ವ್ಯವಹಾರ ಅಂತ ನಾವು ಹೇಳಲಾರೆವು. ಇಡೀ ಯಂತ್ರವನ್ನು ಒಳಗಿಟ್ಟು ಮುಚ್ಚುವ 3850 ಟನ್ನಿನ ಉಕ್ಕಿನ ಹಂಡೆಯ ಭಾಗಗಳನ್ನು ಗುಜರಾತಿನ ಹಜೀರಾದಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಕಾರ್ಖಾನೆಯಲ್ಲಿ ಮಾಡಿ ಕಳಿಸಿದರು. ಬೆಸುಗೆ ಹಾಕಿದ ಕೈಗಳು ಈ ದೇಶದವು. ಆ ಕೆಲಸದ ಹೆಮ್ಮೆ ನಮಗೂ ಇದೆ.

ಹೆಮ್ಮೆಯ ಜೊತೆಗೆ ಒಂದು ಎಚ್ಚರವೂ ಬೇಕು. 2022ರ ಡಿಸೆಂಬರಿನಲ್ಲಿ ಅಮೆರಿಕದ ಲೇಸರ್ ಪ್ರಯೋಗದಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬಂತು ಅಂತ ಜಗತ್ತೆಲ್ಲ ಕುಣಿಯಿತು. ಉರುವಲಿನ ಗುಳಿಗೆಗೆ ತಾಗಿದ ಲೇಸರ್ ಸುಮಾರು 2 ಮೆಗಾಜೂಲ್, ಬಂದದ್ದು 3ಕ್ಕಿಂತ ಸ್ವಲ್ಪ ಹೆಚ್ಚು. ಸರಿ. ಆದರೆ ಆ ಲೇಸರ್ ಹುಟ್ಟಿಸಲು ಲೈನಿನಿಂದ ಎಳೆದ ಕರೆಂಟು ಸುಮಾರು 300 ಮೆಗಾಜೂಲ್. ಮೂರು ಸೇರು ರಾಗಿ ಬೆಳೆಯಲು ಮುನ್ನೂರು ಸೇರು ಸುರಿದವನ ಲೆಕ್ಕ. ಐಟರ್ ಕೂಡ ಕರೆಂಟು ಮಾಡುವ ಯಂತ್ರವಲ್ಲ, ಆಗುತ್ತದೋ ಇಲ್ಲವೋ ನೋಡುವ ಯಂತ್ರ. ಇದನ್ನು ಮರೆಮಾಚಿ, ನಾಳೆಯೇ ಮನೆಮನೆಗೆ ಬಿಟ್ಟಿ ಬೆಳಕು ಅಂತ ಹೇಳುವವರು ವಿಜ್ಞಾನಿಗಳಲ್ಲ, ಕಣಿ ಹೇಳುವವರು.

ಕೇರಿಗೆ ಬೆಳಕು ಬಂದ ಚರಿತ್ರೆ ಬೇರೆಯೇ ಇದೆ, ಚಿಕ್ಕದು. 1979ರ ಹೊತ್ತಿಗೆ ಭಾಗ್ಯಜ್ಯೋತಿ ಅಂತ ಬಂತು. ಬಡವರ ಗುಡಿಸಲಿಗೆ ಒಂದು ಬಲ್ಬು. ಒಂದೇ. ಪ್ಲಗ್ಗಿಲ್ಲ, ಫ್ಯಾನಿಲ್ಲ. ಆ ಬಲ್ಬಿನ ಕೆಳಗೆ ಓದಿ ಎಸ್.ಎಸ್.ಎಲ್.ಸಿ. ಪಾಸಾದವರು ನಮ್ಮ ಕೂಟದಲ್ಲೇ ನಾಲ್ಕು ಜನ ಇದ್ದಾರೆ, ಆದ್ದರಿಂದ ಅದನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಬಿಲ್ಲು ಇಲ್ಲವೆಂದಾಗ, ಬಡವರನ್ನು ಸೋಮಾರಿ ಮಾಡುತ್ತಾರೆ ಅಂತ ಪೇಟೆಯವರು ಗೊಣಗಿದರು. 1902ರಲ್ಲಿ ಇಡೀ ಹೊಳೆಯನ್ನೇ ಕಂಪನಿಯ ಗಣಿಗೆ ತಿರುಗಿಸಿದಾಗ ಯಾರು ಸೋಮಾರಿಯಾದರು ಅಂತ ಕೇಳಬೇಕಾಗಿದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಾದಪ್ಪನ ಬೆಟ್ಟದ ಎಷ್ಟೋ ಸೋಲಿಗರ ಪೋಡುಗಳಿಗೆ ಆ ಒಂದು ಬಲ್ಬಿನ ತಂತಿಯೂ ಬರಲಿಲ್ಲ. ಅಭಯಾರಣ್ಯ, ಹುಲಿಗೆ ತೊಂದರೆ ಅಂದರು. ಸೋಲಾರ್ ದೀಪ ಕೊಟ್ಟರು, ಬ್ಯಾಟರಿ ಸತ್ತ ಮೇಲೆ ದೀಪ ಗೂಟಕ್ಕೆ ನೇತುಬಿತ್ತು.

ಮೇಲಿರುವ ಸೂರ್ಯನೇ ಸಾಲದೇ ಅಂತ ನಮ್ಮ ಹಿರಿಯರು ಕೇಳಿದ್ದಕ್ಕೂ ಒಂದು ಮಾತು. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2000 ಮೆಗಾವ್ಯಾಟ್ ಮೀರಿದ ಸೋಲಾರ್ ಪಾರ್ಕು ಆಯಿತು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ಗುತ್ತಿಗೆ ಹಣದಿಂದ ಶುರುವಾಯಿತು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆ ಏನು ಬಂತು? ಸೂರ್ಯ ಆಕಾಶದ್ದಾದರೂ ಅಷ್ಟೆ, ನೆಲದ್ದಾದರೂ ಅಷ್ಟೆ, ಪಹಣಿ ಯಾರ ಹೆಸರಿನಲ್ಲಿದೆ ಅನ್ನುವುದರ ಮೇಲೆ ಬೆಳಕು ಬೀಳುತ್ತದೆ. ಟ್ರಿಟಿಯಂ ಅಂತ ಮೇಲೆ ಹೇಳಿದೆವಲ್ಲ, ಸಮ್ಮಿಲನದ ಉರುವಲು. ಅದು ಕೈಗಾದಂಥ ಭಾರಜಲದ ಸ್ಥಾವರಗಳಲ್ಲಿ ಹುಟ್ಟುತ್ತದೆ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಯೊಳಗೆ ಹೋಯಿತು. ನಾಳಿನ ಉರುವಲು ಇವತ್ತೇ ಕೂಲಿಯವನ ಹೊಟ್ಟೆ ಸೇರಿದ ಬಗೆ ಇದು.

ನಮ್ಮ ಊರಿಗೆ ಬರೋಣ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆಗೆ ಹೆದರಿ ಹಲವರು ವರ್ಷಗಟ್ಟಲೆ ಈ ಕಡೆ ಮುಖ ಹಾಕಲಿಲ್ಲ. 2013ರಿಂದ ಸಿದ್ದರಾಮಯ್ಯನವರು ಮೇಲಿಂದ ಮೇಲೆ ಬಂದೂ ಐದು ವರ್ಷ ಪೂರೈಸಿದ ಮೇಲೆ ಆ ಮಾತು ಸ್ವಲ್ಪ ತಣ್ಣಗಾಯಿತು. ಅಣುವಿಗೆ ಕೋಟಿಗಟ್ಟಲೆ ಸುರಿದ ದೇಶದಲ್ಲೇ ಆಳುವವರು ಒಂದು ಊರಿಗೆ ಹೆದರಿ ಬದುಕಿದ್ದರು.

2021ರ ಮೇ 2ರ ರಾತ್ರಿಯಿಂದ ಮಾರನೆಯ ದಿನದವರೆಗೆ ಇದೇ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಕೊರೋನಾ ರೋಗಿಗಳು 24 ಮಂದಿ ಸತ್ತರು. ಮೂವರು ಮಾತ್ರ ಆಮ್ಲಜನಕವಿಲ್ಲದೆ ಸತ್ತರು ಅಂತ ಸರ್ಕಾರ ಮೊದಲಿಗೆ ಹೇಳಿತು. ಹೈಕೋರ್ಟಿನ ಮಧ್ಯಪ್ರವೇಶದಿಂದ ಬಂದ ವಿಚಾರಣಾ ಸಮಿತಿ ಆಮ್ಲಜನಕದ ಕೊರತೆಯನ್ನೇ ಎತ್ತಿ ಹೇಳಿತು. ಇದನ್ನು ಇಲ್ಲಿ ಯಾಕೆ ತಂದೆವು ಅಂದರೆ, ಐಟರ್‌ಗೆ ಇಂಡಿಯಾ ಕೊಡಬೇಕಾದ ಸಾಮಾನಿನಲ್ಲಿ ಅತಿಶೀತದ ಕೊಳವೆಗಳೂ ಇವೆ. ಕಾಂತಗಳನ್ನು ತಣ್ಣಗಿಡುವ ಹೀಲಿಯಂ, ಸೊನ್ನೆಗಿಂತ 269 ಡಿಗ್ರಿ ಕೆಳಗೆ, ಅವುಗಳೊಳಗೆ ಹರಿಯಬೇಕು. ಆಸ್ಪತ್ರೆಯ ದ್ರವ ಆಮ್ಲಜನಕಕ್ಕೆ ಸೊನ್ನೆಯ ಕೆಳಗೆ 183 ಡಿಗ್ರಿ ಸಾಕು. ಹೆಚ್ಚು ಕಷ್ಟದ ಚಳಿ ನಮ್ಮ ದೇಶದ ಕಾರ್ಖಾನೆಗೆ ಗೊತ್ತಿತ್ತು. ಕಡಿಮೆ ಕಷ್ಟದ ಚಳಿ ಮೈಸೂರಿನಿಂದ ಅರವತ್ತು ಕಿಲೋಮೀಟರ್ ದೂರದ ಹಾಸಿಗೆಯವರೆಗೆ ಬರಲಿಲ್ಲ. ಕೊರತೆ ಇದ್ದದ್ದು ಜ್ಞಾನದ್ದಲ್ಲ, ದುಡ್ಡಿನದೂ ಅಲ್ಲ. ಯಾರ ಉಸಿರಿಗೆ ಎಷ್ಟು ಅವಸರ ಅನ್ನುವ ಲೆಕ್ಕದ್ದು.

ಕೂಟದಲ್ಲಿ ಜಗಳವಾಯಿತು. ಎಂ.ಎಸ್ಸಿ. ಓದುವ ಹುಡುಗನೊಬ್ಬ, ಈ ದುಡ್ಡನ್ನೆಲ್ಲ ನಿಲ್ಲಿಸಿ ಹಾಸ್ಟೆಲ್ ಕಟ್ಟಲಿ ಅಂದ. ಇನ್ನೊಬ್ಬಳು ಒಪ್ಪಲಿಲ್ಲ. "ನಿಲ್ಲುಸ್ಬುಟ್ರ ನಾಳ ಅಂವ್ರೇ ಬೇರೆ ದೇಸದಿಂದ ಕೊಂಡ್ಕಂಡು ನಮ್ಗ ಮಾರ್ತರ. ಹಾಸ್ಟೆಲ್ಲೂ ಕೇಳವ, ಗಾಂಧಿನಗರದ ಲ್ಯಾಬೂ ಕೇಳವ. ಅಲ್ಲಿ ನಮ್ಮವರು ಎಷ್ಟ್ ಜನ ಅವ್ರೆ ಅಂತ ಮೊದ್ಲು ಕೇಳವ" ಅಂದಳು. ನಮಗೆ ಅವಳ ಮಾತೇ ಸರಿಯೆನಿಸಿತು. ಸಂಶೋಧನೆ ನಡೆಯಲಿ, ಸರ್ಕಾರದ ದುಡ್ಡಿನಲ್ಲೇ ನಡೆಯಲಿ. ಖಾಸಗಿ ಕಂಪನಿಗಳು ಈಗ ಇದಕ್ಕೂ ಬಾಯಿ ಹಾಕುತ್ತಿವೆ, ಅವರ ಕೈಗೆ ಹೋದರೆ ಸೂರ್ಯನಿಗೂ ಮೀಟರು. ಆದರೆ ಎಷ್ಟು ಖರ್ಚಾಯಿತು, ಏನು ಸೋತಿತು, ಇನ್ನೆಷ್ಟು ವರ್ಷ ಅಂತ ಪ್ರತಿವರ್ಷ ಕನ್ನಡದಲ್ಲಿ, ಮೇಷ್ಟ್ರು ಓದಿ ಹೇಳುವಂಥ ಕನ್ನಡದಲ್ಲಿ, ಲೆಕ್ಕ ಕೊಡಲಿ.

2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಯ ದಿನ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಜನ ರೊಚ್ಚಿಗೆದ್ದು ಮತಗಟ್ಟೆ ಒಡೆದರು. ರಸ್ತೆ, ನೀರು, ಕರೆಂಟು ಕೊಡದೆ ಓಟು ಕೇಳಬೇಡಿ ಅಂತ ಅವರು ಮೊದಲೇ ಹೇಳಿದ್ದರು. ಮೂರು ದಿನ ಬಿಟ್ಟು ಮರುಮತದಾನ ನಡೆಯಿತು, ಕೇಸುಗಳಾದವು. ಅದೇ ವರ್ಷದ ಜುಲೈನಲ್ಲಿ ಐಟರಿನವರು ಹೊಸ ವೇಳಾಪಟ್ಟಿ ಪ್ರಕಟಿಸಿದರು. 2025ಕ್ಕೆ ಅಂದಿದ್ದ ಮೊದಲ ಪ್ಲಾಸ್ಮಾ ಕೈಬಿಟ್ಟು, ಸಂಶೋಧನೆ 2034ಕ್ಕೆ, ನಿಜವಾದ ಉರುವಲು ಹಾಕುವುದು 2039ಕ್ಕೆ, ಇನ್ನೂ 500 ಕೋಟಿ ಯೂರೋ ಬೇಕು ಅಂದರು.

ಮೇಷ್ಟ್ರು ಆ ಪತ್ರಿಕೆ ತುಣುಕನ್ನು ತಮ್ಮ ಶಾಲೆಯ ಗೋಡೆಗೆ ಅಂಟಿಸಿದ್ದಾರೆ. ಅದರ ಕೆಳಗೆ ಸೀಮೆಸುಣ್ಣದಲ್ಲಿ 2039 ಅಂತ ಬರೆದು, ಆ ವರ್ಷ ನಿಮಗೆ ಎಷ್ಟು ವಯಸ್ಸಾಗುತ್ತದೆ ಲೆಕ್ಕ ಹಾಕಿ ಅಂದರಂತೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬೆರಳು ಮಡಿಚಿ ಎಣಿಸಿ ಹೇಳಿ, "ಸಾ, ಅಷ್ಟೊತ್ಗ ನಾನೇ ಹೋಗಿ ನೋಡ್ಕ ಬಂದೆನು" ಅಂದಳಂತೆ.